ಮಕ್ಕಳ ತಾಯಿಯ ಹೆಸರು

ಮೂವತ್ತಾರು ವರ್ಷ ನಾನು ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರನಾಗಿದ್ದೆ. ಈಗ ವರ್ಷಕ್ಕೆರಡು ಸಲ ನೆದರ್‌ಲ್ಯಾಂಡ್ಸ್‌ನ ನ್ಯೂವೆಗೈನ್‌ನಲ್ಲಿರುವ ಮಗಳ ಮನೆಗೆ ಬರುತ್ತೇನೆ. ತೊಂಬತ್ತು ದಿನ ಇಲ್ಲಿ, ತೊಂಬತ್ತು ದಿನ ಹುಬ್ಬಳ್ಳಿಯಲ್ಲಿ. ವೀಸಾದ ನಿಯಮ ಹಾಗಿದೆ. ಉಳಿದವರು ಇದನ್ನು ದೂರುತ್ತಾರೆ. ನನಗೆ ಡ್ಯೂಟಿ ರೋಸ್ಟರ್ ಇದ್ದ ಹಾಗಿದೆ, ತೊಂದರೆಯೇನೂ ಇಲ್ಲ.

ಮಗಳ ಮನೆ ನಾಲ್ಕನೆಯ ಮಹಡಿಯಲ್ಲಿ. ಎಲ್ಲ ಮನೆಗಳ ಬಾಗಿಲುಗಳೂ ಒಂದೇ ಉದ್ದನೆಯ ಬಯಲು ಪಡಸಾಲೆಗೆ ತೆರೆದುಕೊಳ್ಳುತ್ತವೆ. ಬೆಳಿಗ್ಗೆ ಐದಕ್ಕೆ ಎದ್ದು, ಸ್ನಾನ ಮುಗಿಸಿ, ಒಂದು ಲೋಟ ಚಹಾ ಕುಡಿದು, ಎಂಟು ಗಂಟೆ ಏಳು ನಿಮಿಷದ ಟ್ರಾಮ್ ಹಿಡಿದು ಉಟ್ರೆಕ್ಟ್‌ಗೆ ಹೋಗಿ ಬರುವುದು ನನ್ನ ಪದ್ಧತಿ. ಅಲ್ಲಿ ಕೆಲಸವೇನೂ ಇಲ್ಲ. ಗಾಡಿಗಳನ್ನು ನೋಡಿ ಬರುತ್ತೇನೆ, ಅಷ್ಟೇ. ಮೊದಲ ಸಲ ಬಂದಾಗ ಒಂದು ದಿನ ನಾಲ್ಕು ಹೆಜ್ಜೆ ತಡವಾಯಿತು. ಚಾಲಕಿ ಕನ್ನಡಿಯಲ್ಲಿ ನನ್ನನ್ನು ನೋಡಿದಳು, ಗಡಿಯಾರ ನೋಡಿದಳು, ಬಾಗಿಲು ಮುಚ್ಚಿ ಹೊರಟೇಬಿಟ್ಟಳು. ನನಗೆ ಸಿಟ್ಟು ಬರಲಿಲ್ಲ. ಬಹಳ ದಿನಗಳ ಮೇಲೆ ಸರಿಯಾದ ಕೆಲಸ ನೋಡಿದಂತಾಯಿತು.

ಅದೇ ವಾರ ಆ ಹೆಣ್ಣುಮಗಳು ಸಮವಸ್ತ್ರದಲ್ಲೇ ನಮ್ಮ ಪಡಸಾಲೆಯಲ್ಲಿ ಎದುರಾದಳು. ನಮ್ಮ ಮನೆಯಿಂದ ಎರಡನೆಯ ಬಾಗಿಲು ಅವಳದು. ನಾನು ಇಂಗ್ಲಿಷಿನಲ್ಲಿ, ಮಂಗಳವಾರ ಗಾಡಿ ಸರಿಯಾದ ಹೊತ್ತಿಗೆ ಬಿಟ್ಟೆಯಮ್ಮ, ಸಂತೋಷ ಎಂದೆ. ಅವಳು ನನ್ನ ಮುಖ ನೋಡಿ ಉರ್ದುವಿನಲ್ಲಿ ಉತ್ತರ ಕೊಟ್ಟಳು. ಸೋಲಾಪುರ ಕಡೆ ಹನ್ನೊಂದು ವರ್ಷ ಕೆಲಸ ಮಾಡಿದ ನನಗೆ ಹಿಂದಿ ಚೆನ್ನಾಗಿ ಬರುತ್ತದೆ. ಅಂದಿನಿಂದ ನಮ್ಮ ಮಾತೆಲ್ಲ ಆ ಬೆರಕೆ ಭಾಷೆಯಲ್ಲೇ ನಡೆದಿದೆ. ಇಲ್ಲಿ ಅದನ್ನು ನಮ್ಮ ಮನೆಯ ಕನ್ನಡದಲ್ಲೇ ಬರೆಯುತ್ತೇನೆ.

“ಕಾಕಾ, ನೀವು ಬಿದ್ದೆದ್ದು ಓಡಿ ಬಂದಿದ್ರೂ ನಾ ನಿಲ್ಲಸ್ತಿರಲಿಲ್ಲ,” ಎಂದಳು.

“ನಿಲ್ಲಿಸಿದ್ರ ನಾನ ಕಂಪ್ಲೇಂಟ್ ಬರೀತಿದ್ದೆ,” ಎಂದೆ.

ಕಾಕಾ ಎಂಬುದು ಅವಳ ಭಾಷೆಯಲ್ಲೂ ಇದೆ, ನಮ್ಮ ಹುಬ್ಬಳ್ಳಿಯಲ್ಲೂ ಇದೆ. ಅಷ್ಟು ಸಾಕಾಯಿತು.

ಅವಳು ಹಜಾರಾ ಜನಾಂಗದವಳು. ಅಫ್ಘಾನಿಸ್ತಾನದಲ್ಲಿ ಹುಟ್ಟಿ, ಪಾಕಿಸ್ತಾನದ ಕ್ವೆಟ್ಟಾದಲ್ಲಿ ಬೆಳೆದು, ಹನ್ನೆರಡು ವರ್ಷದ ಹಿಂದೆ ಒಬ್ಬಳೇ ಈ ದೇಶಕ್ಕೆ ಬಂದು ಆಶ್ರಯ ಪಡೆದವಳು. ಹಜಾರಾ ಜನರನ್ನು ಮುಖ ನೋಡಿದರೆ ಗುರುತಿಸಬಹುದು. ಆ ಊರುಗಳಲ್ಲಿ ಹಾಗೆ ಗುರುತು ಸಿಗುವುದೇ ಅಪಾಯ. ಅವಳ ಅಣ್ಣ, ಅತ್ತಿಗೆ, ಅವರ ಮೂವರು ಹೆಣ್ಣುಮಕ್ಕಳು ಇನ್ನೂ ಕ್ವೆಟ್ಟಾದಲ್ಲೇ ನಿರಾಶ್ರಿತರಾಗಿದ್ದರು. ಪೊಲೀಸರು ಬೀದಿ ಬೀದಿಯಲ್ಲಿ ಅಫ್ಘನ್ನರ ಕಾಗದಪತ್ರ ಕೇಳಿ, ಇಲ್ಲದವರನ್ನು ಲಾರಿ ಹತ್ತಿಸಿ ಗಡಿ ದಾಟಿಸುತ್ತಿದ್ದ ಕಾಲ. ಇವರ ಬಳಿ ನಿರಾಶ್ರಿತರೆಂಬ ಪ್ರಮಾಣಪತ್ರ ಇತ್ತು. ಅದಕ್ಕೆ ಎಷ್ಟು ದಿನ ಬೆಲೆಯಿರುತ್ತದೆ ಎಂದು ಹೇಳುವವರು ಯಾರೂ ಇರಲಿಲ್ಲ. ಮೂವರು ಹುಡುಗಿಯರನ್ನು ಕಟ್ಟಿಕೊಂಡು ಗಡಿಯಾಚೆ ಹೋದರೆ ಅವರು ಶಾಲೆಗೆ ಹೋಗುವಂತೆಯೂ ಇಲ್ಲ, ಬೀದಿಗಿಳಿಯುವಂತೆಯೂ ಇಲ್ಲ.

ನೆದರ್‌ಲ್ಯಾಂಡ್ಸ್‌ನ ಕಾನೂನಿನಲ್ಲಿ ಅಣ್ಣ ಎಂದರೆ ಕುಟುಂಬವಲ್ಲ. ಅವಳು ಕೇಳಿ ನೋಡಿದ್ದಳು. ಕೆನಡಾದಲ್ಲಿ ಮಾತ್ರ ಇನ್ನೊಂದು ದಾರಿಯಿತ್ತು. ಐದು ಜನ ಸಾಮಾನ್ಯರು ಸೇರಿ, ಈ ಕುಟುಂಬದ ಮೊದಲ ವರ್ಷದ ಮನೆ, ಊಟ, ಮಕ್ಕಳ ಶಾಲೆ ಎಲ್ಲವೂ ನಮ್ಮ ಹೊಣೆ ಎಂದು ಸರ್ಕಾರಕ್ಕೆ ಬರೆದುಕೊಟ್ಟರೆ ಅವರನ್ನು ಕರೆಸಿಕೊಳ್ಳಬಹುದು. ಅಲ್ಲಿನ ಒಂದು ಸಣ್ಣ ಊರಿನಲ್ಲಿ ಅಂಥ ಐವರು ಸಿಕ್ಕಿದ್ದರು. ನಿವೃತ್ತ ಶಾಲಾ ಶಿಕ್ಷಕಿಯೊಬ್ಬಾಕೆ ಅವರ ಮುಂದಾಳು. ಕುಟುಂಬದವರ ಅರ್ಜಿ ಬೇಗ ತುಂಬಿ ಕಳಿಸಿ, ವರ್ಷಕ್ಕೆ ಇಷ್ಟೇ ಎಂದು ತೆಗೆದುಕೊಳ್ಳುತ್ತಾರೆ, ಅಷ್ಟು ತುಂಬಿದ ಮೇಲೆ ಬಾಗಿಲು ಮುಚ್ಚುತ್ತಾರೆ ಎಂದು ಆಕೆ ಬರೆದಿದ್ದರು.

ಅರ್ಜಿಯ ಹಾಳೆಗಳನ್ನು ಅವಳು ನನಗೆ ತೋರಿಸಿದಳು. ಕಾಲಂಗಳು, ಕೋಷ್ಟಕಗಳು, ಸಹಿಯ ಜಾಗಗಳು. ಎಷ್ಟೋ ವರ್ಷದ ಮೇಲೆ ಕೈ ತುರಿಸಿತು. ನಾನು ತುಂಬಿಕೊಡುತ್ತೇನೆ ಎಂದೆ.

ಮಗಳಿಗೆ ಇದು ಹಿಡಿಸಲಿಲ್ಲ. “ಅಪ್ಪಾ, ನಿಮಗ್ಯಾಕ ಬೇಕ್ರಿ ಈ ಉಸಾಬರಿ? ಇಮಿಗ್ರೇಶನ್ ಫಾರ್ಮ್ ಅದು. ಒಂದ್ ಮಿಸ್ಟೇಕ್ ಆದ್ರ ಅವರ ಲೈಫೇ ಹೋತು.”

“ಅದಕ್ಕ ನಾ ತುಂಬತೀನಿ ಅಂದದ್ದು.”

“ಆತು. ಆದ್ರ ಅಫ್‌ಸ್ಪ್ರಾಕ್ ಇಲ್ಲದ ಅವರ ಮನಿ ಬೆಲ್ ಒತ್ತಬ್ಯಾಡ್ರಿ. ಮೊದಲ ಟೈಮ್ ಫಿಕ್ಸ್ ಮಾಡ್ಕೊಂಡು ಹೋಗ್ರಿ. ಇದು ಹುಬ್ಬಳ್ಳಿ ಅಲ್ಲ.”

“ಆಕೀನೂ ನಮ್ಮ ಕಡಿಯಾಕೀನ.”

“ಅಫ್ಘಾನಿಸ್ತಾನ ಯಾವಾಗ್ರಿ ನಮ್ಮ ಕಡಿಗೆ ಬಂದದ್ದು?”

ವಾರಕ್ಕೆರಡು ದಿನ, ಅವಳ ರಜೆಯ ದಿನಗಳಂದು, ಬೆಳಿಗ್ಗೆ ಹತ್ತು ಗಂಟೆ ಎಂದು ಗೊತ್ತುಮಾಡಿಕೊಂಡೆವು. ಹಾಲಿಲ್ಲದ ಹಸಿರು ಚಹಾ, ಏಲಕ್ಕಿ ಹಾಕಿದ್ದು. ಮೇಜಿನ ಮಧ್ಯೆ ಫೋನು. ಅದರೊಳಗಿಂದ ಕ್ವೆಟ್ಟಾದ ಅಣ್ಣನ ದನಿ, ಹಿಂದೆ ಎಲ್ಲೋ ಕುಕ್ಕರಿನ ಸೀಟಿ. ಅಣ್ಣನಿಗೆ ಉರ್ದು ಅಷ್ಟಕ್ಕಷ್ಟೆ, ಸಿಕ್ಕಿಕೊಂಡಲ್ಲಿ ತಂಗಿ ಬಿಡಿಸಿ ಹೇಳುತ್ತಿದ್ದಳು.

ನನ್ನ ಕಾಲದಲ್ಲಿ ಒಂದು ರೈಲು ನನ್ನ ಸ್ಟೇಷನ್ ಬಿಡಬೇಕಾದರೆ ಮುಂದಿನ ಸ್ಟೇಷನ್ನಿನವನು ಫೋನಿನಲ್ಲಿ ಒಂದು ಸಂಖ್ಯೆ ಕೊಡಬೇಕಿತ್ತು. ಅವನು ಹೇಳಿದ್ದನ್ನು ನಾನು ತಿರುಗಿ ಹೇಳಬೇಕು. ಅವನು ಹೌದು ಎಂದ ಮೇಲೆಯೇ ರಿಜಿಸ್ಟರಿನಲ್ಲಿ ಶಾಯಿ ಬೀಳಬೇಕು. ಈ ಪದ್ಧತಿಯನ್ನೇ ಇಲ್ಲೂ ಇಟ್ಟೆ. ಅಣ್ಣ ಒಂದು ತಾರೀಖು ಹೇಳುವುದು, ನಾನು ತಿರುಗಿ ಹೇಳುವುದು, ಅವನು “ಬಲೇ” ಎನ್ನುವುದು. ಬಲೇ ಅಂದರೆ ಹೌದು. ಆಮೇಲೆ ಬರೆಯುವುದು.

ಆ ಅರ್ಜಿಯಲ್ಲಿ ಹಿಂದಿನ ಹತ್ತು ವರ್ಷದ ಲೆಕ್ಕ ಕೇಳುತ್ತಾರೆ. ಎಲ್ಲಿದ್ದೆ, ಏನು ಮಾಡುತ್ತಿದ್ದೆ, ಒಂದು ತಿಂಗಳೂ ಬಿಡುವಂತಿಲ್ಲ. ಅಣ್ಣ ಕಲ್ಲಿದ್ದಲು ಗಣಿಯಲ್ಲಿ ದುಡಿದಿದ್ದ, ನಂತರ ತರಕಾರಿ ಗಾಡಿ ಇಟ್ಟಿದ್ದ. ನಡುವೆ ನಾಲ್ಕು ತಿಂಗಳು ಕಾಣಲಿಲ್ಲ.

“ಆ ನಾಲ್ಕು ತಿಂಗಳು?” ಎಂದೆ.

“ಏನಿಲ್ಲ.”

“ಏನಿಲ್ಲ ಅಂತ ಬರಿಲಿಕ್ಕೆ ಬರಂಗಿಲ್ಲ. ಖಾಲಿ ಬಿಟ್ರ ತಿರುಗಿ ಕಳಸ್ತಾರ.”

ತಂಗಿ ಫೋನನ್ನು ತನ್ನ ಕಡೆ ಎಳೆದುಕೊಂಡಳು. ತಮ್ಮ ಭಾಷೆಯಲ್ಲಿ ಕೇಳಿ ತಿಳಿದು ಹೇಳಿದಳು. ಅವನ ಪಾಳಿಯ ಗಣಿ ಕೆಲಸಗಾರರಲ್ಲಿ ಕೆಲವರನ್ನು ಹಜಾರಾ ಜನರೆಂದು ಗುರುತಿಸಿ, ದಾರಿಯಲ್ಲಿ ಬಸ್ಸಿನಿಂದ ಇಳಿಸಿ ಕೊಂದಿದ್ದರು. ಅಂದು ಇವನು ಜ್ವರದಿಂದ ಮನೆಯಲ್ಲಿ ಮಲಗಿದ್ದ. ಆ ಮೇಲೆ ನಾಲ್ಕು ತಿಂಗಳು ಹೊಸ್ತಿಲು ದಾಟಲಿಲ್ಲ. ನಾನು ಬರೆದೆ: ಪ್ರಾಣಭಯದಿಂದ ಮನೆಯಲ್ಲೇ ಇದ್ದೆ. ತಿರುಗಿ ಓದಿದೆ. “ಬಲೇ,” ಎಂದ ಅವನು, ಮೆಲ್ಲಗೆ.

ಹೆಂಡತಿಯ ಹಾಳೆಗೆ ಬಂದೆವು. ಹೆಸರು ಹೇಳಪ್ಪ ಎಂದೆ.

“ಮಕ್ಕಳ ತಾಯಿ,” ಎಂದ ಅಣ್ಣ.

ನಾನು ಮತ್ತೆ ಕೇಳಲಿಲ್ಲ. ಅವರಲ್ಲಿ ಗಂಡಸು ಪರಪುರುಷನ ಮುಂದೆ ಹೆಂಡತಿಯ ಹೆಸರು ಹೇಳುವುದು ಮರ್ಯಾದೆಯಲ್ಲ. ಅದು ನನಗೆ ಹೊಸದೂ ಅಲ್ಲ. ನಲವತ್ತೊಂದು ವರ್ಷದ ಸಂಸಾರದಲ್ಲಿ ನನ್ನ ಹೆಂಡತಿಯ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಆಸ್ಪತ್ರೆಯ ಕಾಗದ ಬರೆಸುವಾಗ ಮಾತ್ರ. ಪ್ರಮಾಣಪತ್ರದ ಫೋಟೋ ಕಳಿಸು, ನೋಡಿ ಬರೆದುಕೊಳ್ಳುತ್ತೇನೆ ಎಂದೆ. ಅಣ್ಣನ ದನಿ ಹಗುರಾಯಿತು. ಫೋಟೋ ಬಂತು. ಬರೆದುಕೊಂಡೆ. ಉದ್ಯೋಗದ ಕಾಲಂನಲ್ಲಿ ಹತ್ತು ವರ್ಷಕ್ಕೂ ಸೇರಿಸಿ ಗೃಹಿಣಿ ಎಂದು ಒಂದೇ ಸಾಲು ಬರೆದೆ. ಅದನ್ನು ತಿರುಗಿ ಓದಲಿಲ್ಲ. ಅವನ ಹೆಂಡತಿ ಇಂಗ್ಲಿಷಿನ ಆ ಹಾಳೆಗೆ ಹಾಗೆಯೇ ಸಹಿ ಮಾಡಿ ಕಳಿಸಿದಳು. ಅಣ್ಣ, ಹೆಂಡತಿ, ಮಕ್ಕಳು ಎಲ್ಲರ ಹಾಳೆಗಳೂ ಕೆನಡಾದ ಶಿಕ್ಷಕಿಗೆ ಹೋದವು. ಇಷ್ಟು ಶುದ್ಧವಾದ ಅರ್ಜಿಯನ್ನು ನಾನು ನೋಡಿಯೇ ಇಲ್ಲ ಎಂದು ಆಕೆ ಉತ್ತರ ಬರೆದರು. ಆ ಉತ್ತರವನ್ನು ನಾನು ಮಗಳಿಗೆ ಎರಡು ಸಲ ಓದಿ ಹೇಳಿದೆ.

ಐದು ವಾರಕ್ಕೆ ಅರ್ಜಿ ವಾಪಸು ಬಂತು.

ಪಡಸಾಲೆಯಲ್ಲಿ ಅವಳು ಸಮವಸ್ತ್ರ ಬಿಚ್ಚದೆ ನಿಂತಿದ್ದಳು. ಕೈಯಲ್ಲಿ ಫೋನು. “ಅತ್ತಿಗಿ ಹೆಸರು ಪ್ರಮಾಣಪತ್ರಕ್ಕ ಹೊಂದವಲ್ದಂತ ಕಾಕಾ. ಫೈಲ್ ತಗೊಂಡಿಲ್ಲ.”

ನಾನು ಕನ್ನಡಕ ಹಾಕಿಕೊಂಡು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಪ್ರಮಾಣಪತ್ರದಲ್ಲಿ ಅತ್ತಿಗೆಯ ಹೆಸರು, ಮನೆತನದ ಹೆಸರು, ಎರಡೇ ಇದ್ದವು. ನನ್ನ ಹಾಳೆಯಲ್ಲಿ ಅವೆರಡರ ನಡುವೆ ಗಂಡನ ಹೆಸರು ನೆಟ್ಟಗೆ ಕೂತಿತ್ತು. ಯಾರೂ ಹೇಳದೆ, ಯಾರೂ ಕೇಳದೆ, ನಾನೇ ಬರೆದದ್ದು. ನಮ್ಮ ಕಡೆ ಮದುವೆಯಾದ ಹೆಣ್ಣಿನ ಹೆಸರಿನ ನಡುವೆ ಗಂಡನ ಹೆಸರು ಬರುತ್ತದೆ. ಪಾಸು, ಪಿಂಚಣಿ, ಆಸ್ಪತ್ರೆಯ ಕಾರ್ಡು, ಎಲ್ಲದರಲ್ಲೂ ನಾನು ಸಾವಿರ ಸಲ ಹಾಗೆ ಬರೆದಿದ್ದೇನೆ. ಕೈ ತಾನಾಗಿ ಬರೆದಿತ್ತು. ಕಣ್ಣೂ ಅದನ್ನು ಸರಿ ಎಂದೇ ನೋಡಿತ್ತು. ಹಜಾರಾ ಹೆಂಗಸರು ಗಂಡನ ಹೆಸರನ್ನು ಇಟ್ಟುಕೊಳ್ಳುವುದೇ ಇಲ್ಲ.

ತಪ್ಪು ನನ್ನದು ಎಂದೆ. ಸೇವೆಯಲ್ಲಿದ್ದಾಗ ತಪ್ಪಾದರೆ ಮೊದಲು ಆ ಮಾತನ್ನು ಹೇಳಬೇಕಿತ್ತು, ಕಾರಣ ಆಮೇಲೆ. ಅವಳು ನನ್ನ ಮೇಲೆ ಹರಿಹಾಯಲಿಲ್ಲ. ಹರಿಹಾಯ್ದಿದ್ದರೆ ಒಳ್ಳೆಯದಿತ್ತು. “ಶಿಕ್ಷಕಿ ಹೇಳ್ಯಾರ, ಇನ್ನ ಹತ್ತ ದಿನದಾಗ ಈ ವರ್ಷದ ಬಾಗಿಲಾ ಮುಚ್ಚತದಂತ,” ಎಂದಷ್ಟೇ ಹೇಳಿ ಒಳಗೆ ಹೋದಳು. ನನಗೆ ಹುಬ್ಬಳ್ಳಿಗೆ ಹಿಂತಿರುಗಲು ಹದಿನಾಲ್ಕು ದಿನ ಉಳಿದಿತ್ತು. ನಾನಾದರೆ ಮೂರು ತಿಂಗಳು ಬಿಟ್ಟು ತಿರುಗಿ ಬರಬಹುದು. ಆ ಕುಟುಂಬಕ್ಕೆ ಮುಂದಿನ ವರ್ಷ ಎಂಬುದು ಕ್ವೆಟ್ಟಾದಲ್ಲಿ ಇರುತ್ತದೋ ಗಡಿಯಾಚೆ ಇರುತ್ತದೋ ಗೊತ್ತಿರಲಿಲ್ಲ.

ಮರುದಿನ ಹತ್ತು ಗಂಟೆಗೆ ಹೋದೆ. ಈ ಸಲ ಹೆಂಡತಿಯೇ ಮಾತಾಡಬೇಕು, ಅವಳ ಹೆಸರು ಅವಳ ಬಾಯಿಂದಲೇ ಕೇಳಿ ಬರೆಯುತ್ತೇನೆ, ಇಲ್ಲವಾದರೆ ಬರೆಯುವುದೇ ಇಲ್ಲ ಎಂದೆ. ಆ ಕಡೆ ಗುಸುಗುಸು ನಡೆಯಿತು. ಅಣ್ಣ ಏನೋ ಹೇಳಿದ. ಅದನ್ನು ಅರ್ಧಕ್ಕೇ ತುಂಡರಿಸಿ ಒಂದು ಹೆಣ್ಣುದನಿ ಬಂತು. ಸ್ಪಷ್ಟವಾದ ಉರ್ದು, ಗಂಡನದಕ್ಕಿಂತ ಎಷ್ಟೋ ಚೆನ್ನಾಗಿತ್ತು.

“ಸಲಾಂ ಕಾಕಾ. ನಿಮ್ಮ ದೇಶದಾಗ ಹೆಣ್ತಿಗೆ ಗಂಡನ ಹೆಸರು ಅಂಟಿಸೇ ಕಳಸ್ತಾರೇನು?”

“ಹೌದವ್ವಾ, ನಮ್ಮ ಕಡೆ ಹಂಗ.”

“ಪಾರ್ಸಲ್ಲಿಗೆ ಚೀಟಿ ಅಂಟಿಸಿದ ಹಂಗ?”

ನಾನು ಸ್ಟೇಷನ್ ಮಾಸ್ತರನಾಗಿದ್ದದ್ದು ಅವಳಿಗೆ ಗೊತ್ತಿತ್ತು. ಮೇಜಿನ ಈ ಕಡೆ ಅವಳ ನಾದಿನಿ, ನಮ್ಮ ಟ್ರಾಮಿನ ಹೆಣ್ಣುಮಗಳು, ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಹೂಂ ಎಂದು ಪೆನ್ನಿನ ಮುಚ್ಚಳ ತೆಗೆದೆ.

ಅವಳು ತನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿದಳು. ನಾನು ತಿರುಗಿ ಹೇಳಿದೆ. ಅವಳು ಒಂದು ಅಕ್ಷರ ತಿದ್ದಿದಳು. ಮತ್ತೆ ಹೇಳಿದೆ. “ಬಲೇ,” ಎಂದಳು, ಜೋರಾಗಿ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಹೇಳಬೇಕಾದವಳು ಅವಳು.

“ಇನ್ನ ಮುಂದಿಂದು ಓದ್ರಿ,” ಎಂದಳು.

“ಉದ್ಯೋಗ: ಗೃಹಿಣಿ. ಹತ್ತು ವರ್ಷ.”

ಆ ಕಡೆ ಅವಳು ತಮ್ಮ ಭಾಷೆಯಲ್ಲಿ ಏನೋ ಅಂದಳು. ಹುಡುಗಿಯರು ನಕ್ಕರು. ನಾದಿನಿ ನನಗೆ ತಿಳಿಸಿದಳು, “‘ನೋಡ್ರವ್ವಾ, ನಾ ಹತ್ತು ವರ್ಷ ಕೈ ಕಟಗೊಂಡು ಕೂತಿದ್ನಂತ’ ಅಂತ ಮಕ್ಕಳಿಗೆ ಹೇಳಾಕತ್ತಾಳ.”

ಆಮೇಲೆ ತಿಳಿಯಿತು. ಮನೆಯ ಹಿಂದಿನ ಕೋಣೆಯಲ್ಲಿ ಅವಳು ಹತ್ತು ವರ್ಷದಿಂದ ಓಣಿಯ ಹುಡುಗಿಯರಿಗೆ ಬಟ್ಟೆಯ ಮೇಲಿನ ಕಸೂತಿ ಕಲಿಸುತ್ತಿದ್ದಳು. ಜೊತೆಗೆ ಓದು, ಬರಹ, ಮಗ್ಗಿ. ಕೋಣೆಯಲ್ಲಿ ಹನ್ನೆರಡು ಜನಕ್ಕಿಂತ ಹೆಚ್ಚು ಹಿಡಿಸುವುದಿಲ್ಲವಾದ್ದರಿಂದ ದಿನಕ್ಕೆ ಮೂರು ಪಾಳಿ. ಗಂಡ ಮನೆಯಿಂದ ಹೊರಬೀಳದ ಆ ನಾಲ್ಕು ತಿಂಗಳು ಐದು ಜನರ ಊಟ ನಡೆದದ್ದು ಆ ಕೋಣೆಯಿಂದ. ಹತ್ತು ವರ್ಷದಲ್ಲಿ ಕಾಣೆಯಾದ ನಾಲ್ಕು ತಿಂಗಳನ್ನು ಹುಡುಕಿ ತೆಗೆದೆ ಎಂದು ಬೀಗುತ್ತಿದ್ದ ನನಗೆ, ಆಗ ಒಲೆ ಹೊತ್ತಿಸಿದವರು ಯಾರು ಎಂದು ಕೇಳಬೇಕೆಂದು ಹೊಳೆದಿರಲಿಲ್ಲ.

“ಇದನ್ನ ಬರದ್ರ ಪುರಾವೆ ಕೇಳಬಹುದು,” ಎಂದೆ. “ಏನರ ಐತೇನವ್ವಾ?”

“ಹಾಜರಿ ಪುಸ್ತಕ ಅದ.”

ಅರ್ಧ ಗಂಟೆಯಲ್ಲಿ ಪುಟಗಳ ಫೋಟೋಗಳು ಬಂದವು. ಸ್ಕೇಲು ಹಿಡಿದು ಗೆರೆ ಎಳೆದ ಕಾಲಂಗಳು. ಪಾಳಿ ಒಂದು, ಪಾಳಿ ಎರಡು, ಪಾಳಿ ಮೂರು. ಹೊಡೆದಾಟದ ದಿನಗಳಲ್ಲಿ ತರಗತಿ ನಡೆಯದಿದ್ದರೆ ಆ ದಿನದ ಮುಂದೆ ಕಾರಣ. ತಪ್ಪು ಬಿದ್ದಲ್ಲಿ ಗೀಚಿ ಹಾಕಿರಲಿಲ್ಲ, ಮೇಲೆ ಮೇಲೆ ತಿದ್ದಿಯೂ ಇರಲಿಲ್ಲ. ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಣ್ಣ ಸಹಿ ಹಾಕಿದ್ದಳು. ರೈಲ್ವೆಯಲ್ಲಿ ನಾವು ಹೊಸಬರಿಗೆ ಈ ಒಂದು ಕ್ರಮ ಕಲಿಸಲು ವರ್ಷಗಟ್ಟಲೆ ಗಂಟಲು ಹರಿದುಕೊಂಡಿದ್ದೇವೆ. ಕಲಿಸುವವರಿಲ್ಲದೆ ಇದನ್ನು ಕಂಡುಕೊಂಡ ಹೆಂಗಸಿಗೆ ನಾನು ಗೃಹಿಣಿ ಎಂದು ಒಂದೇ ಸಾಲು ಕೊಟ್ಟಿದ್ದೆ. ನಾಚಿಕೆಯಾಯಿತು. ಅದರ ಬೆನ್ನಿಗೇ, ಯಾಕೆಂದು ಹೇಳಲಾರೆ, ಎದೆ ಉಬ್ಬಿತು. ನಮ್ಮ ಕೈಕೆಳಗೆ ಪಳಗಿದವರೊಬ್ಬರು ಒಳ್ಳೆಯ ಹೆಸರು ತಂದಾಗ ಆಗುವಂಥದ್ದು.

ಆರು ದಿನ ಕೂತೆವು. ಟ್ರಾಮಿನ ಪಾಳಿ ಮುಗಿಸಿ ಅವಳು ಮಧ್ಯಾಹ್ನ ಮೂರಕ್ಕೆ ಬರುತ್ತಿದ್ದಳು. ನಮ್ಮ ಮೇಜು ದೊಡ್ಡದೆಂದು ಈಗ ನಮ್ಮ ಮನೆಯಲ್ಲೇ. ಮಗಳು ಆಫೀಸಿನಿಂದ ಬಂದವಳು ಚೀಲ ಇಟ್ಟು ಪುಟಗಳನ್ನು ಸ್ಕ್ಯಾನ್ ಮಾಡಿ ಜೋಡಿಸಿದಳು. ಅಫ್‌ಸ್ಪ್ರಾಕ್ ಮಾತು ಯಾರೂ ಎತ್ತಲಿಲ್ಲ. ಈ ಸಲ ಐದೂ ಜನರ ಪ್ರತಿ ಸಾಲನ್ನೂ ಹೆಂಡತಿಯೇ ಆ ಕಡೆಯಿಂದ ಪರೀಕ್ಷಿಸಿದಳು. ದೊಡ್ಡ ಮಗಳು ಇಂಗ್ಲಿಷ್ ಓದುವುದು, ತಾಯಿ ಉರ್ದುವಿನಲ್ಲಿ ನನಗೆ ತಿರುಗಿ ಹೇಳುವುದು, ಬಲೇ ಎನ್ನುವುದು ನನ್ನ ಸರದಿ. ಗಂಡ ತರಕಾರಿ ಗಾಡಿ ಇಟ್ಟ ವರ್ಷವನ್ನು ತಪ್ಪು ಹೇಳಿದ್ದನ್ನು ಅವಳೇ ಹಿಡಿದಳು. “ಆ ಮಳೆಗಾಲದಾಗ ನಿಮ್ಮ ಗಾಡಿ ಎಲ್ಲಿತ್ತು? ಟೊಮ್ಯಾಟೊ ಮಾರಿದ್ದು ಕನಸಿನಾಗೇನು?” ಎಂದಳು. ಅಣ್ಣ ಸುಮ್ಮನೆ “ಬಲೇ” ಎಂದ. ನಾವೆಲ್ಲ ನಕ್ಕೆವು.

ಬಾಗಿಲು ಮುಚ್ಚುವುದಕ್ಕೆ ಮೂರು ದಿನ ಮುಂಚೆ ಅರ್ಜಿ ಹೋಯಿತು. ನಾನು ಹುಬ್ಬಳ್ಳಿಯಲ್ಲಿದ್ದಾಗ ಫೈಲಿಗೆ ನಂಬರು ಬಂತು. ಅಂದರೆ ಒಳಗೆ ತೆಗೆದುಕೊಂಡಿದ್ದರು. ಸುದ್ದಿಯನ್ನು ತಂಗಿ ಕಳಿಸುವ ಮುಂಚೆಯೇ ಕ್ವೆಟ್ಟಾದಿಂದ ನೇರವಾಗಿ ಹೆಂಡತಿಯೇ ಕಳಿಸಿದ್ದಳು. ನಂಬರನ್ನು ವಾಯ್ಸ್ ಮೆಸೇಜಿನಲ್ಲಿ ಎರಡು ಸಲ ಹೇಳಿ, ತಿರುಗಿ ಹೇಳ್ರಿ ಕಾಕಾ ಎಂದಿದ್ದಳು. ನಾನೂ ಹಾಗೇ ತಿರುಗಿ ಹೇಳಿ ಕಳಿಸಿದೆ.

ಸಂದರ್ಶನಕ್ಕೆ ಕರೆ ಬರುವ ಹೊತ್ತಿಗೆ ಒಂದು ವರ್ಷದ ಮೇಲಾಗಿತ್ತು. ಐದೂ ಜನ ಬಸ್ಸಿನಲ್ಲಿ ಪಾಕಿಸ್ತಾನದ ರಾಜಧಾನಿಗೆ ಹೋದರು. ದಾರಿಯಲ್ಲಿ ಎರಡು ಕಡೆ ಇಳಿಸಿ ಕಾಗದ ನೋಡಿದರಂತೆ. ಕೆನಡಾದ ಅಧಿಕಾರಿ ಗಂಡನನ್ನು ಅರ್ಧ ಗಂಟೆ ಕೇಳಿ, ಹೆಂಡತಿಯ ಕಡೆ ತಿರುಗಿ ನಿಮ್ಮ ಹೆಸರೇನು ಎಂದರಂತೆ. ಗಂಡ ರೂಢಿಯಂತೆ ಮಕ್ಕಳ ತಾಯಿ ಎನ್ನಲು ಬಾಯಿ ತೆರೆದನಂತೆ. ಇವಳು ಅವನ ಮೊಣಕೈ ಮುಟ್ಟಿ ತಾನೇ ಹೇಳಿದಳು, ಪೂರ್ತಿ. ಉದ್ಯೋಗ ಕೇಳಿದಾಗ ಶಿಕ್ಷಕಿ ಎಂದಳು. ಹಾಜರಿ ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಅಧಿಕಾರಿ ಬಹಳ ಹೊತ್ತು ಪುಟ ತಿರುಗಿಸಿದರಂತೆ. ಕೊನೆಗೆ, ನಿಮ್ಮನ್ನು ಒಪ್ಪಿಕೊಂಡಿದ್ದೇವೆ, ಇನ್ನು ಆರೋಗ್ಯ ತಪಾಸಣೆ ಮತ್ತು ಉಳಿದ ಪರಿಶೀಲನೆ ಆಗಬೇಕು, ಕಾಯಿರಿ ಎಂದರಂತೆ. ಇದನ್ನೆಲ್ಲ ತಂಗಿ ಪಡಸಾಲೆಯಲ್ಲಿ ನಿಂತು ನನಗೆ ಹೇಳಿದಳು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಅವಳ ಪಾಳಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು, ಹದಿನೈದು ನಿಮಿಷ ಇರುವಾಗಲೇ ಹೊರಟಳು.

ಅವರು ಇನ್ನೂ ಕಾಯುತ್ತಿದ್ದಾರೆ. ವೀಸಾ ಬಂದಿಲ್ಲ. ಕೆನಡಾದ ಶಿಕ್ಷಕಿ ಶಾಲೆಯ ಹತ್ತಿರವೇ ಮನೆ ನೋಡಿಟ್ಟಿದ್ದಾರೆ. ಕ್ವೆಟ್ಟಾದ ಹಿಂದಿನ ಕೋಣೆಯಲ್ಲಿ ಮೂರು ಪಾಳಿಯೂ ಈಗಲೂ ನಡೆಯುತ್ತಿವೆ. ಈ ತಿಂಗಳು ನಾನು ಬಂದ ಮರುದಿನವೇ ಅಣ್ಣನ ಹೆಂಡತಿಯಿಂದ ಒಂದು ಕಟ್ಟು ಫೋಟೋ ಬಂತು. ಅವಳ ಓಣಿಯ ವಿಧವೆಯೊಬ್ಬಳ ಅರ್ಜಿ, ಮಕ್ಕಳು ಇಬ್ಬರು. ಆ ಶಿಕ್ಷಕಿಯ ಊರಿನಲ್ಲೇ ಮತ್ತೆ ಐವರು ಮುಂದೆ ಬಂದಿದ್ದಾರೆ. ಹಾಳೆಗಳನ್ನು ಅಣ್ಣನ ಹೆಂಡತಿಯೇ ತನ್ನ ದೊಡ್ಡ ಮಗಳನ್ನು ಕೂರಿಸಿಕೊಂಡು ಇಂಗ್ಲಿಷಿನಲ್ಲಿ ತುಂಬಿದ್ದಳು.

“ತಪ್ಪು ಹುಡುಕಿಕೊಡ್ರಿ ಕಾಕಾ,” ಎಂದಳು.

ಬೆಳಿಗ್ಗೆ ಹತ್ತಕ್ಕೆ ಕೂತೆ. ಹೆಸರು, ತಾರೀಖು, ತಿಂಗಳುಗಳು ಒಂದೊಂದನ್ನೂ ಬೆರಳಿಟ್ಟು ನೋಡಿದೆ. ಹನ್ನೊಂದೂವರೆಗೆ ಫೋನು ಮಾಡಿ, ಏನೂ ಸಿಗಲಿಲ್ಲವ್ವಾ ಎಂದೆ.

“ಇನ್ನೊಮ್ಮೆ ನೋಡ್ರಿ,” ಎಂದಳು.

ಫೋನಿಟ್ಟು ಮೊದಲ ಹಾಳೆ ತೆಗೆದೆ.